ಜೋಡಿ ಹೆಸರು

20 ಜನವರಿ 1996, ಶನಿವಾರ

ಹೊಸ ವರ್ಷಕ್ಕೆ ಹಾಲು ಒಕ್ಕೂಟದವರು ಕೊಟ್ಟ ಈ ಡೈರಿ ಇಷ್ಟು ದಿನ ಖಾಲಿ ಬಿದ್ದಿತ್ತು. ಇವತ್ತು ತೆಗೆದೆ. ಹೆಸರು ಬರೆದಿಡಲು ಒಂದು ಜಾಗ ಬೇಕು.

ಮೊನ್ನೆ ಗುರುವಾರ ಮೈಸೂರಿನ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ರಂಜಿತಳಿಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿದವು. ದಿನ ತುಂಬಿರಲಿಲ್ಲ, ಇನ್ನೂ ಒಂದೂವರೆ ತಿಂಗಳು ಇತ್ತು. ಹೊಟ್ಟೆ ಕುಯ್ದು ತೆಗೆದರು. ದೊಡ್ಡದು ಎರಡು ಕೆ.ಜಿ. ಇದೆ, ತಾಯಿಯ ಪಕ್ಕದಲ್ಲೇ ಮಲಗಿದೆ. ಎರಡನೆಯದು ಒಂದೂಕಾಲು ಕೆ.ಜಿ. ಅದನ್ನು ಒಳಗಿನ ವಾರ್ಡಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಬಾಗಿಲ ಹೊರಗಿನಿಂದ ಒಂದು ಸಲ ನೋಡಿದೆ. ಹತ್ತಿ ಮತ್ತು ಪೈಪುಗಳ ನಡುವೆ ಮಗು ಎಲ್ಲಿದೆ ಎಂದು ಹುಡುಕಬೇಕಾಯಿತು. ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಅವಳಿ ಅಂದ ಮೇಲೆ ಜೋಡಿ ಹೆಸರೇ ಇಡಬೇಕು. ಒಟ್ಟಿಗೆ ಕೂಗಿದರೆ ಕಿವಿಗೆ ಹಿತವಾಗಿರಬೇಕು, ಅರ್ಥವೂ ಇರಬೇಕು. ಕಳೆದ ತಿಂಗಳು ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಮಕ್ಕಳ ಹೆಸರಿನ ಪುಸ್ತಕ ಕೊಂಡಿದ್ದೆ. ಆಗ ಒಂದೇ ಮಗು ಅಂದುಕೊಂಡಿದ್ದೆ. ಇವತ್ತು ಬಸ್ಸಿನಲ್ಲಿ ಕೂತು ಮತ್ತೆ ಮೊದಲಿಂದ ಓದಿದೆ. ಹರ್ಷಿತ, ವರ್ಷಿತ. ವಂದನ, ಸ್ಪಂದನ. ಕಾವ್ಯ, ಶ್ರಾವ್ಯ. ಉಷಾ, ನಿಶಾ. ನಿಶಾ ಅಂದರೆ ಕತ್ತಲೆ, ಅದು ಬೇಡ.

ಸಂಜೆ ಹಾಲು ಹಾಕಿಸಿಕೊಳ್ಳುವಾಗ ನಮ್ಮ ಹಾಲಿನ ಸೊಸೈಟಿ ಅಧ್ಯಕ್ಷರು ಕೆಂಪಣ್ಣ ಅಂದರು, "ಗಂಗೆ, ಗೌರಿ ಅಂತ ಮಡಗ್ಲಾ ಸಿದ್ರಾಜ. ಇಬ್ರೂ ಒಂದೇ ಮನೇಲಿದ್ದೋರು."

ಸವತಿಯರ ಹೆಸರು ಬೇಡ ಅಂದೆ. ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

23 ಜನವರಿ, ಮಂಗಳವಾರ

ಬೆಳಿಗ್ಗೆ ಆರಕ್ಕೆ ಸೊಸೈಟಿ ಬಾಗಿಲು ತೆಗೆಯುವುದು. ಎಂಟರವರೆಗೆ ಹಾಲು ಅಳೆಯುವುದು, ಟೆಸ್ಟು ಮಾಡುವುದು. ಕ್ಯಾನುಗಳನ್ನು ಲಾರಿಗೆ ಏರಿಸಿ ಪಾಂಡವಪುರಕ್ಕೆ ಹೋಗಿ, ಅಲ್ಲಿಂದ ಶ್ರೀರಂಗಪಟ್ಟಣದ ಮೇಲೆ ಮೈಸೂರು ಬಸ್ಸು. ಆಸ್ಪತ್ರೆಯಲ್ಲಿ ಎರಡು ಗಂಟೆ. ಮತ್ತೆ ಬಸ್ಸು. ಐದಕ್ಕೆ ಮತ್ತೆ ಸೊಸೈಟಿ. ಇವತ್ತು ಬರುವಾಗ ನಿದ್ದೆ ಬಂದು ಪಾಂಡವಪುರ ದಾಟಿಬಿಟ್ಟೆ.

ಹೊಸ ಹೆಸರು ಒಂದೂ ಹೊಳೆಯಲಿಲ್ಲ.

31 ಜನವರಿ, ಬುಧವಾರ

ರಂಜಿತಳನ್ನೂ ದೊಡ್ಡದನ್ನೂ ಮನೆಗೆ ಕರೆದುಕೊಂಡು ಬಂದೆವು. ಡಾಕ್ಟರೇ ಹೇಳಿದರು: ವಾರ್ಡಿನ ಮಂಚ ಬಿಡಬೇಕು, ಕಾರಿಡಾರಿನಲ್ಲಿ ಮಲಗಿದರೆ ತಾಯಿಯ ಹೊಲಿಗೆಗೂ ಒಳ್ಳೆಯದಲ್ಲ, ಮಗುವಿಗೆ ನೆಗಡಿ ಬೇರೆ ಶುರುವಾಗಿದೆ. ಚಿಕ್ಕದು ಇನ್ನೂ ಒಂದು ತಿಂಗಳಾದರೂ ಅಲ್ಲೇ ಇರಬೇಕು. ನಾಗಮಂಗಲದ ಕಡೆಯಿಂದ ಬಂದಿರುವ ರಂಜಿತಳ ತಾಯಿ, ನಮ್ಮ ಅತ್ತೆ ಮಾಯಮ್ಮ ಅದಕ್ಕೆ ಜೊತೆಯಾಗಿ ಅಲ್ಲೇ ಉಳಿದರು. ಒಳಗೆ ಬಿಡುವುದಿಲ್ಲ, ಬಾಗಿಲ ಹೊರಗೆ ಚಾಪೆ ಹಾಕಿಕೊಂಡು ಕೂತಿರುತ್ತಾರೆ.

ಬಾಗಿಲ ಹತ್ತಿರ ಸಿಸ್ಟರ್ ನನ್ನನ್ನು ನಿಲ್ಲಿಸಿ ಹೇಳಿದರು, "ತಾಯಿ ಹಾಲು ದಿನಾ ತಂದುಕೊಡಿ. ಕುದಿಸಿದ ಸ್ಟೀಲ್ ಡಬ್ಬಿಯಲ್ಲಿ, ಐಸ್ ಇಟ್ಟು. ಬಾಟಲಿ ಹಾಲು ಈ ಮಗುವಿಗೆ ಆಗಲ್ಲ."

ತಣ್ಣಗೆ ಇಟ್ಟ ಹಾಲು ಕೆಡುವುದಿಲ್ಲ ಎಂದು ಒಂಬತ್ತು ವರ್ಷದಿಂದ ಊರಿಗೆಲ್ಲ ನಾನೇ ಹೇಳುತ್ತಾ ಬಂದಿದ್ದೇನೆ. ಸರಿ ಅಂದೆ.

3 ಫೆಬ್ರವರಿ, ಶನಿವಾರ

ಬೆಳಗಿನ ಹಾಲು ಮುಗಿಸಿ ಮನೆಗೆ ಬರುವಷ್ಟರಲ್ಲಿ ರಂಜಿತ ಡಬ್ಬಿ ತುಂಬಿಸಿಟ್ಟಿರುತ್ತಾಳೆ. ತುಂಬಿಸಿ ಅಂದರೆ ತಳ ಮುಚ್ಚುವಷ್ಟು. ದೊಡ್ಡದಕ್ಕೆ ಕುಡಿಸಿ, ಉಳಿದದ್ದನ್ನು ಹಿಂಡಿ ಇಡಬೇಕು. ಹಿಂಡುವಾಗ ಗೋಡೆಯ ಕಡೆ ಮುಖ ಮಾಡಿ ಕೂರುತ್ತಾಳೆ. ನೋವೇ ಎಂದು ಕೇಳಿದೆ. "ಒತ್ತಾಯ್ತದೆ, ಬಸ್ಸು ಓದಾತು, ನಡೀರಿ" ಅಂದಳು.

ಡಬ್ಬಿಯನ್ನು ಐಸಿನ ಫ್ಲಾಸ್ಕಿನಲ್ಲಿಟ್ಟು ತೊಡೆಯ ಮೇಲೆ ಹಿಡಿದು ಕೂತೆ. ಕೊಟ್ಟು ತಕ್ಷಣ ಹಿಂತಿರುಗಿದೆ. ಒಳಗೆ ಹೋಗಬಹುದು, ಕೈ ತೊಳೆದುಕೊಂಡು ಬನ್ನಿ ಅಂದರು. ಬಸ್ಸಿಗೆ ಹೊತ್ತಾಯಿತು ಅಂದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಬಸ್ಸಿನಲ್ಲಿ ಕರಿಘಟ್ಟ ಕಂಡಾಗ ಒಂದು ಜೋಡಿ ಹೊಳೆಯಿತು. ಅಲ್ಲಿ ಲೋಕಪಾವನಿ ಹೊಳೆ ಬಂದು ಕಾವೇರಿಗೆ ಸೇರುತ್ತದೆ. ದೊಡ್ಡದಕ್ಕೆ ಕಾವೇರಿ, ಚಿಕ್ಕದಕ್ಕೆ ಪಾವನಿ. ಇದು ಯಾವ ಪುಸ್ತಕದಲ್ಲೂ ಇಲ್ಲ. ಖುಷಿಯಾಯಿತು. ಸಂಜೆ ಅವ್ವನಿಗೆ ಹೇಳಿದೆ. ಅವ್ವ ಎಣ್ಣೆಕೈಯಲ್ಲಿ ದೊಡ್ಡದರ ಕಾಲು ನೀವುತ್ತಿದ್ದಳು.

"ಒಳೆ ಸೇರುದ್ ಮೇಲೆ ಲೋಕಪಾವನಿ ಎಸ್ರು ಯಾರ್ಲಾ ಏಳ್ತಾರೆ? ಆಮೇಲೆ ಎಲ್ಲಾ ಕಾವೇರಿಯೇ. ಜೋಡಿ ಎಸ್ರು ಬ್ಯಾಡ ಬುಡು."

ಎಲ್ಲರೂ ಇಡುತ್ತಾರಲ್ಲವ್ವ ಅಂದೆ. ಅವ್ವ ಇನ್ನೊಂದು ಕಾಲು ನೀವತೊಡಗಿದಳು.

7 ಫೆಬ್ರವರಿ, ಬುಧವಾರ

ಚಿಕ್ಕದರ ತೂಕ ಐವತ್ತು ಗ್ರಾಂ ಇಳಿದಿದೆ. ಮೊದಲು ಇಳಿಯುವುದು, ಆಮೇಲೆ ಏರುವುದು ಎಂದು ಹೇಳಿದ್ದರು. ಏರುವ ದಿನ ಬಂದಿಲ್ಲ.

ಅತ್ತೆ ಬಾಗಿಲ ಹತ್ತಿರ ಕೂತೇ ನಿದ್ದೆ ಮಾಡಿದ್ದರು. ಎಬ್ಬಿಸಲಿಲ್ಲ. ನಾನೇ ಕೈ ತೊಳೆದುಕೊಂಡು, ಅವರು ಕೊಟ್ಟ ಹಸಿರು ಗೌನು ಹಾಕಿಕೊಂಡು ಒಳಗೆ ಹೋಗಿ ಡಬ್ಬಿ ಕೊಟ್ಟೆ. ಬೆರಳಿನಷ್ಟು ಸಣ್ಣ ಸಿರಿಂಜಿನಲ್ಲಿ ಹಾಲು ಎಳೆದು ಮೂಗಿನ ಪೈಪಿಗೆ ಬಿಟ್ಟರು. ನಿಧಾನಕ್ಕೆ ಇಳಿಯಿತು. ಅದು ಪೂರ್ತಿ ಇಳಿಯುವವರೆಗೆ ನಿಂತಿದ್ದೆ.

ಸಂಜೆ ಮನೆಗೆ ಬಂದು ಪಟ್ಟಿ ಮುಂದುವರಿಸಲು ಡೈರಿ ತೆಗೆದೆ. ಅವ್ವ ಬಂದು ಪಕ್ಕದಲ್ಲಿ ಕೂತಳು.

"ನಾನ್ಯಾಕ್ಲಾ ಚಿಕ್ಕತಾಯಿ?" ಎಂದು ಕೇಳಿದಳು.

ಪಡಿತರ ಚೀಟಿಯಲ್ಲೂ ಮತದಾರರ ಪಟ್ಟಿಯಲ್ಲೂ ಅವ್ವ ಚಿಕ್ಕತಾಯಮ್ಮ. ಯಾಕೆ ಎಂದು ನಾನು ಯಾವತ್ತೂ ಯೋಚಿಸಿಲ್ಲ. ನಿನ್ನ ಅಕ್ಕ ಒಬ್ಬಳಿದ್ದಿರಬೇಕು ಅಂದೆ.

"ಅಕ್ಕ ಅಲ್ಲ. ಅವಳಿ. ನನ್ಗಿಂತ ಒಂದ್ ಗಳಿಗೆ ಮುಂಚೆ ಬಂದ್ಲು, ಅದ್ಕೆ ದೊಡ್ಡತಾಯಿ. ಏಳ್ನೇ ವರ್ಸುಕ್ಕೆ ಜ್ವರ ಬಂದು ಓದ್ಲು. ಎಸ್ರು ಮಾತ್ರ ನನ್ ಬುಡ್ನಿಲ್ಲ. ಎಲ್ಲೋದ್ರೂ ಕೇಳೋರು, ನೀನ್ ಚಿಕ್ಕತಾಯಿ ಆದ್ರೆ ದೊಡ್ಡತಾಯಿ ಎಲ್ಲವ್ಳೆ ಅಂತ. ನಿಮ್ಮಪ್ಪನ್ ಮನೇಗ್ ಬಂದಾಗ್ಲೂ ಕೇಳುದ್ರು. ನಮ್ಮವ್ವ ಮಾತ್ರ ಯಾವತ್ತೂ ಅವ್ಳ ಎಸ್ರೇ ಎತ್ನಿಲ್ಲ. ನನ್ನೂ ಚಿಕ್ಕತಾಯಿ ಅಂತ ಕೂಗ್ನಿಲ್ಲ. ಬಾ ಅನ್ನೋದು, ಓಗು ಅನ್ನೋದು, ಅಷ್ಟೆಯ."

ಡೈರಿಯ ಮೇಲೆ ಕೈಯಿಟ್ಟು ಅಂದಳು, "ಅರ್ಧ ಎಸ್ರು ಇಟ್ಕಂಡು ಬದುಕ್ಬಾರ್ದು ಕಣ್ ಮಗ."

ಆ ಮಗುವಿಗೆ ಏನೂ ಆಗುವುದಿಲ್ಲ ಅಂದೆ. ಡೈರಿ ಮುಚ್ಚಿಟ್ಟೆ.

13 ಫೆಬ್ರವರಿ, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಇವತ್ತು ಹೋದಾಗ ಬಾಗಿಲಲ್ಲೇ ಅತ್ತೆ ಎದ್ದು ನಿಂತಿದ್ದರು. "ಬೆಳಿಗ್ಗಿಂದ ಎರಡ್ಸತಿ ಉಸ್ರು ನಿಲ್ಲುಸ್ತಂತೆ. ರಕ್ತ ಕೊಡ್ಬೇಕಂತೆ. ನೀವ್ ಬರ್ಲಿ ಅಂತ ಕಾಯ್ತಾವ್ರೆ" ಅಂದರು.

ನನ್ನ ರಕ್ತ ಹೊಂದುತ್ತದೆ ಎಂದು ಪರೀಕ್ಷೆ ಮಾಡಿ ಹೇಳಿದರು. ಎಷ್ಟು ಬೇಕು ಎಂದು ಕೇಳಿದೆ. ಮಗುವಿಗೆ ಇಪ್ಪತ್ತು ಎಂ.ಎಲ್. ಸಾಕು ಅಂದರು. ನಾನು ಎರಡು ಮನೆಯ ಹಾಲು ಟೆಸ್ಟು ಮಾಡಲು ತೆಗೆಯುವಷ್ಟು.

ಸಿಸ್ಟರ್ ಚೀಟಿ ಬರೆಯುತ್ತಾ ಕೇಳಿದರು, "ಮಗು ಹೆಸರು?"

"ಇಟ್ಟಿಲ್ಲ. ರಂಜಿತ ಅವರ ಎರಡನೇ ಮಗು ಅಂತ ಬರ್ಕೊಳ್ಳಿ."

"ಆಗಲ್ಲ. ಈಗ ವಾರ್ಡಿನಲ್ಲಿ ರಂಜಿತ ಅಂತ ಮೂರು ತಾಯಂದಿರಿದ್ದಾರೆ. ಅದರಲ್ಲಿ ಇನ್ನೊಬ್ಬರದೂ ಅವಳಿ. ರಕ್ತದ ವಿಷಯ ಇದು, ಅದಲು ಬದಲಾಗಬಾರದು. ಒಂದು ಹೆಸರು ಹೇಳಿಬಿಡಿ. ಬೇಕಾದರೆ ಆಮೇಲೆ ಬದಲಾಯಿಸಿಕೊಳ್ಳಿ."

ನನ್ನ ಪಟ್ಟಿಯಲ್ಲಿ ಮೂವತ್ತಕ್ಕೂ ಹೆಚ್ಚು ಜೋಡಿಗಳಿವೆ. ಒಂದು ಹೆಸರು ನೆನಪಾದರೆ ಅದರ ಹಿಂದೆಯೇ ಇನ್ನೊಂದೂ ಬರುತ್ತಿತ್ತು. ಯಾವುದು ಇದಕ್ಕೆ, ಯಾವುದು ಮನೆಯಲ್ಲಿರುವುದಕ್ಕೆ ಎಂದು ಗೊತ್ತಾಗಲಿಲ್ಲ. ಸಿಸ್ಟರ್ ಪೆನ್ನು ಹಿಡಿದು ನಿಂತಿದ್ದರು. ಗಾಜಿನೊಳಗೆ ಮಗು ಬಲಗಾಲನ್ನು ಒಂದು ಸಲ ಜಾಡಿಸಿತು. ಪೈಪನ್ನೇ ಒದೆಯುವ ಹಾಗೆ.

"ಚೇತನ" ಅಂದೆ.

ಈ ಹೆಸರು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಎಲ್ಲಿಂದ ಬಂತೋ. ಅವರು ಚೀಟಿಯ ಮೇಲೆ ಬರೆದರು, ಒಂದು ಪ್ಲಾಸ್ಟರಿನ ಮೇಲೂ ಬರೆದು ಪೆಟ್ಟಿಗೆಗೆ ಅಂಟಿಸಿದರು.

ರಕ್ತ ಹನಿಹನಿಯಾಗಿ ಹೋಗಿ ಮುಗಿಯಲು ನಾಲ್ಕು ಗಂಟೆ ಬೇಕಾಯಿತು. ಪೆಟ್ಟಿಗೆಯ ಕಿಂಡಿಯಲ್ಲಿ ಕೈ ಹಾಕಿ ಅವಳ ತಲೆಯ ಮೇಲೆ ಎರಡು ಬೆರಳು ಇಟ್ಟುಕೊಂಡಿದ್ದೆ. ಡಾಕ್ಟರು ಮಧ್ಯೆ ಬಂದು, ಹಾಗೇ ಇರಲಿ, ಕೈ ತೆಗೆಯಬೇಡಿ ಅಂದರು. ಸಂಜೆಯ ಬಸ್ಸು ಹೋಯಿತು. ಸಂಜೆಯ ಹಾಲೂ ಹೋಯಿತು. ಒಂಬತ್ತು ವರ್ಷದಲ್ಲಿ ಇದೇ ಮೊದಲು. ಕೆಂಪಣ್ಣನೇ ಬೀಗ ತೆಗೆಸಿ ಹಾಲು ಹಾಕಿಸಿಕೊಂಡರಂತೆ. ನಾನು ಕೊನೆಯ ಬಸ್ಸಿಗೆ ಬಂದಾಗ ಮನೆಯಲ್ಲಿ ಎಲ್ಲರೂ ಮಲಗಿದ್ದರು.

14 ಫೆಬ್ರವರಿ, ಬುಧವಾರ

ಅವಳು ಬದುಕಿದ್ದಾಳೆ. ಬಣ್ಣ ಬಂದಿದೆ.

ನಿನ್ನೆಯ ವಿಷಯವನ್ನು ಇವತ್ತು ಬೆಳಿಗ್ಗೆ ಮನೆಯಲ್ಲಿ ಹೇಳಿದೆ. ರಂಜಿತ ಎಲ್ಲವನ್ನೂ ಕೇಳಿಸಿಕೊಂಡಳು. ರಕ್ತದ ವಿಷಯಕ್ಕೆ ಅಳಲಿಲ್ಲ. ಹೆಸರು ಹೇಳಿದಾಗ ಮುಖ ತಿರುಗಿಸಿದಳು.

"ನನ್ನೊಂದ್ ಮಾತ್ ಕೇಳ್ನಿಲ್ಲ."

"ಕೇಳೋಕೆ ಹೊತ್ತಿರ್ಲಿಲ್ಲ ರಂಜಿತ. ಸಿಸ್ಟರ್ ಪೆನ್ನು ಹಿಡ್ಕೊಂಡು ನಿಂತಿದ್ರು."

"ಒತ್ತಾರೆ ಎದ್ದು ಆಲು ಇಂಡೋಳು ನಾನು. ಅವ್ಳ ಮೊಖ ನೋಡಿ ಎಲ್ಡ್ ವಾರ ಆಯ್ತು. ಎಸ್ರೂ ನೀವೇ ಇಟ್ಬುಟ್ರಿ."

ಸಿಟ್ಟಿನಿಂದ ಹೇಳಲಿಲ್ಲ. ಹೌದು, ಅವಳನ್ನು ಕೇಳಬಹುದಿತ್ತು. ನಿನ್ನೆ ಅಲ್ಲ, ಅದಕ್ಕೂ ಮೊದಲು. ಇಷ್ಟು ದಿನದ ಪಟ್ಟಿಯಲ್ಲಿ ಅವಳು ಹೇಳಿದ ಹೆಸರು ಒಂದೂ ಇಲ್ಲ.

ಅವ್ವ ಬೈಯುತ್ತಾಳೆ ಅಂದುಕೊಂಡಿದ್ದೆ. ಶಾಸ್ತ್ರವಿಲ್ಲದೆ, ತೊಟ್ಟಿಲಿಗೆ ಹಾಕದೆ ಹೆಸರಿಟ್ಟೆ ಎಂದು. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು ಎರಡು ಸಲ ಆ ಹೆಸರು ಹೇಳಿ ನೋಡಿದಳು.

"ಒಳ್ಳೇದಾಯ್ತು ಬುಡು. ಇಷ್ಟ್ ದಿನ ಎಸ್ರೇ ಇಲ್ದೆ ಬೇಡ್ಕತಿದ್ದೆ. ಯಾವ್ ಮಗೀನ ಕಾಯ್ಬೇಕು ಅಂತ ದೇವ್ರಿಗಾದ್ರೂ ಗೊತ್ತಾಗ್ಬ್ಯಾಡ್ವಾ?"

19 ಫೆಬ್ರವರಿ, ಸೋಮವಾರ

ಊರಿಗೆಲ್ಲ ಸುದ್ದಿ ಗೊತ್ತಾಗಿದೆ. ಬೆಳಿಗ್ಗೆ ಹಾಲಿನ ಸಾಲಿನಲ್ಲಿ ನಿಂತವರೆಲ್ಲ ದೊಡ್ಡದಕ್ಕೆ ಜೋಡಿ ಹೆಸರು ಹೇಳುತ್ತಿದ್ದಾರೆ. ಚೇತನ, ಚಂದನ. ಚೇತನ, ಕೇತನ. ಚೇತನ, ಸಾಧನ. ಕೆಂಪಣ್ಣ ಬಹಳ ಯೋಚಿಸಿ "ವೇದನ" ಅಂದರು. ಹಾಗಂದರೆ ನೋವು ಎಂದು ಹೇಳಿದೆ. "ಎಸ್ರು ಚೆನ್ನಾಗದೆ ಕಣ್ಲಾ, ಅರ್ಥ ಯಾರ್ ಕೇಳ್ತಾರೆ" ಅಂದರು.

ಮನೆಗೆ ಬಂದು ರಂಜಿತಳಿಗೆ, ಈ ಸಲ ನೀನೇ ಹೇಳು, ಚಂದನ ಆಗಬಹುದಾ ಎಂದು ಕೇಳಿದೆ.

"ದೊಡ್ಡೋಳ್ದು ನಾನಿಡ್ತೀನಿ. ಏನು ಅಂತ ಕೇಳ್ಬ್ಯಾಡಿ" ಅಂದಳು.

ಕೇಳಲಿಲ್ಲ. ಬಸ್ಸಿನಲ್ಲಿ ಹೆಸರಿನ ಪುಸ್ತಕ ಚೀಲದಲ್ಲೇ ಇತ್ತು. ತೆಗೆಯಲಿಲ್ಲ, ನಿದ್ದೆ ಮಾಡಿದೆ.

2 ಮಾರ್ಚ್, ಶನಿವಾರ

ಒಂದು ಕೆ.ಜಿ. ನಾನೂರೈವತ್ತು ಗ್ರಾಂ. ಪೆಟ್ಟಿಗೆಯಿಂದ ಹೊರಗೆ ತೆಗೆದಿದ್ದಾರೆ. ಮೂಗಿನ ಪೈಪೂ ಹೋಗಿದೆ, ಒಳಲೆಯಲ್ಲಿ ಕುಡಿಯುತ್ತಾಳೆ.

ಹೊಲಿಗೆ ಮಾಗಿದೆ ಎಂದು ಇವತ್ತು ರಂಜಿತಳನ್ನು ಕರೆದುಕೊಂಡು ಹೋದೆ. ದೊಡ್ಡವಳನ್ನು ಅವ್ವ ನೋಡಿಕೊಂಡಳು. ವಾರ್ಡಿನೊಳಗೆ ಆರು ಮಕ್ಕಳು ಸಾಲಾಗಿ ಮಲಗಿದ್ದವು. ರಂಜಿತ ಮೊದಲನೆಯದರ ಹತ್ತಿರ ನಿಂತಳು, ಆಮೇಲೆ ಎರಡನೆಯದರ ಹತ್ತಿರ. ಅವಳಿಗೆ ಗೊತ್ತಾಗಲಿಲ್ಲ. ನಾನು ಮೊಣಕೈ ಹಿಡಿದು ಐದನೆಯದರ ಹತ್ತಿರ ಕರೆದುಕೊಂಡು ಹೋದೆ. ಆಗ ಅತ್ತಳು. ಬಾಯಿಗೆ ಸೆರಗು ಒತ್ತಿಕೊಂಡು, ಸದ್ದಿಲ್ಲದೆ.

ಸಿಸ್ಟರ್ ಮಗುವನ್ನು ಎತ್ತಿ ಅವಳ ಎದೆಗೆ ಕೊಟ್ಟರು. ಚೇತನ ಕಿರುಚಿದಳು. ರಂಜಿತ ಬೆನ್ನು ತಟ್ಟಿದಳು, ಮಗು ಇನ್ನೂ ಜೋರಾಗಿ ಕಿರುಚಿತು.

"ಬೆನ್ನು ಮುಟ್ಟಬೇಡ, ಅವಳಿಗೆ ಆಗಲ್ಲ" ಅಂದೆ. "ನೆತ್ತಿ ಮೇಲೆ ಕೈ ಇಡು. ಆಡಿಸಬೇಡ, ಸುಮ್ಮನೆ ಇಟ್ಟಿರು. ಎಡಗಡೆ ಮಲಗಿಸಿದ್ರೆ ಕಕ್ಕುತ್ತಾಳೆ, ಬಲಗಡೆ ತಿರುಗಿಸು. ಬಿಕ್ಕಳಿಕೆ ಬಂದ್ರೆ ಹೆದರಬೇಡ, ನೂರು ಎಣಿಸುವಷ್ಟರಲ್ಲಿ ನಿಲ್ಲುತ್ತೆ."

ಮಗು ಸುಮ್ಮನಾಯಿತು. ರಂಜಿತ ನನ್ನ ಮುಖ ನೋಡಿದಳು.

"ಇವೆಲ್ಲ ಯಾವಾಗ್ ಕಲ್ತ್ರಿ?"

ದಿನಾ ಬರುತ್ತೇನಲ್ಲ ಅಂದೆ.

ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡಿದಳು. ಶ್ರೀರಂಗಪಟ್ಟಣದಲ್ಲಿ ಜನ ಹತ್ತಿದರು, ನೂಕಾಟ, ಆದರೂ ಏಳಲಿಲ್ಲ.

10 ಮಾರ್ಚ್, ಭಾನುವಾರ

ಚೇತನ ಮನೆಗೆ ಬಂದಳು. ಒಂದು ಕೆ.ಜಿ. ಆರುನೂರೈವತ್ತು. ಅತ್ತೆ ಐವತ್ತು ದಿನದ ಮೇಲೆ ಕಾಲು ಚಾಚಿ ಮಲಗಿದ್ದಾರೆ. ಸಾಕಾಗಿದೆ. ನಾಳೆ ಬರೆಯುತ್ತೇನೆ.

24 ಮಾರ್ಚ್, ಭಾನುವಾರ

ಯುಗಾದಿ ಮುಗಿದು ನಾಲ್ಕು ದಿನಕ್ಕೆ, ಇವತ್ತು ಇಬ್ಬರನ್ನೂ ತೊಟ್ಟಿಲಿಗೆ ಹಾಕಿದೆವು. ದೊಡ್ಡದಾಗಿ ಮಾಡಲಿಲ್ಲ. ಒಬ್ಬಟ್ಟು, ಅನ್ನ ಸಾರು, ಬೀದಿಯ ನಾಲ್ಕು ಮನೆಯವರು, ಕೆಂಪಣ್ಣ.

ನನಗೆ ಅಕ್ಕತಂಗಿಯರಿಲ್ಲ. ಹಾಗಾಗಿ ಕಿವಿಯಲ್ಲಿ ಹೆಸರು ಹೇಳಲು ಅವ್ವನನ್ನೇ ಕೂರಿಸಿದೆವು. ಚೇತನಳ ಹೆಸರು ಎಲ್ಲರಿಗೂ ಗೊತ್ತಿದ್ದದ್ದೇ. ದೊಡ್ಡವಳದನ್ನು ರಂಜಿತ ಅವ್ವನ ಕಿವಿಯಲ್ಲಿ ಹೇಳಿದಳು, ಅವ್ವ ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿ, ಆಮೇಲೆ ಎಲ್ಲರಿಗೂ ಕೇಳುವಂತೆ ಅಂದಳು, "ಪಲ್ಲವಿ."

ಕೆಂಪಣ್ಣನೇ ಮೊದಲು ಬಾಯಿಬಿಟ್ಟರು. "ಚೆನ್ನಾಗದೆ ಕವ್ವ. ಆದ್ರೆ ಚೇತನಂಗೆ ಇದು ಜೋಡಿ ಆಗಾಕಿಲ್ವಲ್ಲ. ಅವಳಿ ಅಂತ ಗೊತ್ತಾಗೋದ್ ಎಂಗೆ?"

ಅವ್ವ ತೊಟ್ಟಿಲ ಹಗ್ಗ ಬಿಡದೆ ಹೇಳಿದಳು, "ಒಂದೇ ಒಟ್ಟೇಲಿ ಒತ್ಕಂಡು ಮಲ್ಗಿದ್ದು ಬಂದವೆ. ಅದ್ಕಿಂತ ಜೋಡಿ ಬೇಕೇನಪ್ಪ ನಿನ್ಗೆ? ಎಸ್ರಾದ್ರೂ ಒಬ್ಬೊಬ್ರುದು ಒಬ್ಬೊಬ್ರುಗಿರ್ಲಿ."

ಕೆಂಪಣ್ಣ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡರು.

ಎಲ್ಲರೂ ಹೋದ ಮೇಲೆ ರಂಜಿತಳನ್ನು ಕೇಳಿದೆ, ಪಲ್ಲವಿ ಎಂದು ಯಾವಾಗ ಯೋಚನೆ ಮಾಡಿದೆ ಎಂದು.

"ಆಸ್ಪತ್ರೇಲಿ ಪಕ್ಕ ಮಲ್ಗುಸುದ್ ದಿನದಿಂದ್ಲೂ ಅಂಗೇ ಕರೀತಾ ಇವ್ನಿ. ನೀವ್ ಮನೇಲಿ ಇದ್ರೆ ತಾನೆ ಕೇಳುಸ್ಕಳೋದು" ಅಂದಳು. ಹಾಗೆ ಹೇಳಿ ನಕ್ಕಳು. ಜನವರಿಯ ನಂತರ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

26 ಮಾರ್ಚ್, ಮಂಗಳವಾರ

ಬೆಳಿಗ್ಗೆ ಎಚ್ಚರವಾದಾಗ ಬಿಸಿಲು ಒಳಗೆ ಬಂದಿತ್ತು. ಎಂಟೂವರೆ. ಶರ್ಟು ಹಾಕಿಕೊಳ್ಳುತ್ತಾ ಓಡಿದೆ. ಕೆಂಪಣ್ಣ ನನ್ನ ಸ್ಟೂಲಿನ ಮೇಲೆ ಕೂತು ಪುಸ್ತಕ ಬರೆಯುತ್ತಿದ್ದರು. ಲಾರಿ ಆಗಲೇ ಹೋಗಿತ್ತು.

ಎಬ್ಬಿಸಬಾರದಿತ್ತೇ ಎಂದು ಕೇಳಿದೆ.

"ನಿಮ್ಮವ್ವ ಒತ್ತಾರೆನೇ ಬಂದು ಬೀಗದ್ಕೈ ಕೊಟ್ಟೋದ್ಲು. ನನ್ ಮಗನ್ನ ಯಾರಾನ ಕೂಗೀರಿ ಅಂತ ಎದ್ರುಸ್ಬುಟ್ ಓದ್ಲು. ಓಗಿ ಮಲ್ಕೋ ಓಗ್ಲಾ."

ಹೋಗಿ ಮತ್ತೆ ಮಲಗಿದೆ.

5 ಮೇ, ಭಾನುವಾರ

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಬರೆಯುವಂಥದ್ದು ಏನೂ ಇರಲಿಲ್ಲ. ಒಬ್ಬಳು ಮಲಗಿದರೆ ಒಬ್ಬಳು ಏಳುತ್ತಾಳೆ. ಬಟ್ಟೆ ಒಗೆದು ಒಣಗಿಸುವುದರಲ್ಲೇ ಹೊತ್ತು ಮುಗಿಯುತ್ತದೆ. ಬಿಸಿಲು ಜಾಸ್ತಿ, ಹಾಲು ಕಡಿಮೆ. ಸುಸ್ತು ಹಾಗೇ ಇದೆ. ಚೇತನ ಮೂರು ಕೆ.ಜಿ. ದಾಟಿದ್ದಾಳೆ.

ಸಂಜೆ ಇಬ್ಬರನ್ನೂ ಚಾಪೆಯ ಮೇಲೆ ಮಲಗಿಸಿ ಮುಂದೆ ಕೂತೆ. "ಚೇತನ" ಎಂದು ಕರೆದೆ. ಪಲ್ಲವಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ಮತ್ತೆ ಕರೆದೆ. ಮತ್ತೆ ಅವಳೇ. ಯಾರ ಹೆಸರು ಕರೆದರೂ ನಗುವವಳು ಅವಳು. ಚೇತನ ನಗಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಇನ್ನೂ ಏನು ಹೇಳುತ್ತೀಯೋ ಹೇಳು ಎನ್ನುವ ಹಾಗೆ.

ಹೊರಗೆ ಹಾಲಿನವರು ಕೂಗಿದರು. ಐದು ಗಂಟೆಯಾಗಿತ್ತು. ಬಂದೆ ಅಂದೆ. ಅಂದು, ಅಲ್ಲೇ ಕೂತಿದ್ದೆ.